ಹಸುವಿನ ಕೊರಳಿಗೆ ಸೆನ್ಸರ್ ಕಟ್ಟಿದ ಮೇಲೆ

ಪರಿಸರಕ್ಕೆ ಹೊರೆಯಾಗದ ಹೈನುಗಾರಿಕೆ ಅಂದ ಕೂಡಲೇ ಮೀಥೇನ್ ಮಾತು ಬರುತ್ತದೆ. ಹಸು ತೇಗಿದಾಗ ಹೊರಬರುವ ಈ ಅನಿಲ, ನೂರು ವರ್ಷದ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 27 ಪಟ್ಟು ಜಾಸ್ತಿ ಶಾಖ ಹಿಡಿಯುತ್ತದೆ. ಅದನ್ನು ತಗ್ಗಿಸಲು ಮೇವಿಗೆ ಬೆರೆಸುವ ಪುಡಿಗಳೂ ಬಂದಿವೆ. ನಾನು ಮಾತ್ರ ಬೆದೆ ಪತ್ತೆಯಿಂದ, ಅಂದರೆ ಹಸು ಗರ್ಭ ಕಟ್ಟಲು ಸಿದ್ಧವಾದ ಹೊತ್ತನ್ನು ಗುರುತಿಸುವುದರಿಂದ, ಶುರು ಮಾಡಿದೆ.

ಯಾಕೆಂದರೆ ಒಂದು ಬೆದೆ ಕೈತಪ್ಪಿದರೆ ಮತ್ತೆ ಸುಮಾರು 21 ದಿನ ಕಾಯಬೇಕು. ಅಷ್ಟೂ ದಿನ ಹಸು ಮೇಯುತ್ತದೆ, ನೀರು ಕುಡಿಯುತ್ತದೆ, ಮೀಥೇನ್ ಬಿಡುತ್ತದೆ. ಹಾಲು ಇಳಿಯುತ್ತಾ ಬರುತ್ತದೆ, ಮುಂದಿನ ಕರು ದೂರವಾಗುತ್ತದೆ. ಈ ಖಾಲಿ ದಿನಗಳನ್ನು ಕಡಿಮೆ ಮಾಡಿದರೆ ಅದೇ ಮೇವಿಗೆ ಜಾಸ್ತಿ ಹಾಲು ಸಿಗುತ್ತದೆ, ಅಲ್ವಾ?

ಕೊರಳಿನ ಸೆನ್ಸರ್ ಹಸುವಿನ ಓಡಾಟವನ್ನೂ ಮೆಲುಕನ್ನೂ ಅಳೆಯುತ್ತದೆ. ಬೆದೆಗೆ ಬಂದ ಹಸುವಿನ ಓಡಾಟ ಏರುತ್ತದೆ, ಮೆಲುಕು ಇಳಿಯುತ್ತದೆ. ಎಷ್ಟೋ ಹಸುಗಳು ರಾತ್ರಿ ಹೊತ್ತಲ್ಲೇ ಬೆದೆ ತೋರಿಸುವುದರಿಂದ ಇದು ದೊಡ್ಡ ಸಹಾಯ. ಆದರೂ ಫೋನಿಗೆ ಸೂಚನೆ ಬಂದ ಮಾತ್ರಕ್ಕೆ ಕೃತಕ ಗರ್ಭಧಾರಣೆ ಮಾಡಿಸುವುದಿಲ್ಲ. ಲೋಳೆ ಇದೆಯಾ, ಬೇರೆ ಹಸು ಮೇಲೆ ಹತ್ತಿದರೆ ಅಲುಗದೆ ನಿಲ್ಲುತ್ತದಾ ಎಂದು ನೋಡುತ್ತೇನೆ. ಹಿಂಡಿಗೆ ಹೊಸ ಹಸು ಸೇರಿದಾಗಲೂ ಓಡಾಟ ಏರುತ್ತದೆ. ಇಡೀ ದಿನ ಕಟ್ಟಿಹಾಕಿದ ಹಸುಗಳಲ್ಲಿ ಈ ಲೆಕ್ಕ ಅಷ್ಟಾಗಿ ನಡೆಯುವುದಿಲ್ಲ. ಅವನ್ನು ಬಯಲಿಗೆ ಬಿಡಲೇಬೇಕು. ಹಾಗೆ ಬಿಡುವುದು ಅವುಗಳ ಕಾಲಿಗೂ ಒಳ್ಳೆಯದೇ.

ನನಗೆ ಇನ್ನೂ ಹೆಚ್ಚು ಉಪಯೋಗವಾಗಿದ್ದು ಮೆಲುಕಿನ ಲೆಕ್ಕ. ಆರೋಗ್ಯವಾಗಿರುವ ಹಸು ದಿನಕ್ಕೆ ಹೆಚ್ಚುಕಡಿಮೆ 7ರಿಂದ 9 ಗಂಟೆ ಮೆಲುಕು ಹಾಕುತ್ತದೆ. ಒಂದೊಂದಕ್ಕೂ ಅದರದ್ದೇ ರೂಢಿ ಇರುತ್ತದೆ. ಹಾಗಾಗಿ ಪಕ್ಕದ ಹಸುವಿನ ಜೊತೆ ಹೋಲಿಸದೆ, ಅದರದೇ ಹಿಂದಿನ ದಿನಗಳ ಜೊತೆ ಹೋಲಿಸುತ್ತೇನೆ. ಒಂದು ಹಸುವಿನ ಮೆಲುಕು ಮಾತ್ರ ಇಳಿದರೆ, ಅದರಲ್ಲೂ ಈದ ಹೊಸದರಲ್ಲಿ, ಮೊದಲು ಥರ್ಮಾಮೀಟರ್ ಹಿಡಿಯುತ್ತೇನೆ. ಆಮೇಲೆ ಕೆಚ್ಚಲು ಮುಟ್ಟಿ ನೋಡಿ, ಹಾಲು ಪರೀಕ್ಷೆ ಮಾಡುತ್ತೇನೆ. ಕೆಚ್ಚಲು ಬಾವು ಶುರುವಿನಲ್ಲೇ ಸಿಕ್ಕರೆ ಪಶುವೈದ್ಯರ ಕೆಲಸವೂ ಸುಲಭ. ಬೇಡದ ಹಸುವಿಗೆ ಆ್ಯಂಟಿಬಯಾಟಿಕ್ ಹೋಗುವುದಿಲ್ಲ, ಹಾಲು ಚೆಲ್ಲುವ ದಿನಗಳೂ ಕಡಿಮೆ.

ಹಿಂಡಿನ ಎಲ್ಲ ಹಸುಗಳ ಮೆಲುಕೂ ಒಟ್ಟಿಗೆ ಇಳಿದರೆ ತಪ್ಪು ಹಸುವಿನದಲ್ಲ, ಮೇವಿನದು ಇಲ್ಲವೇ ಸೆಕೆಯದು. ಆಗ ಮೇವಿನ ತೇವ, ಬೂಷ್ಟು ನೋಡುತ್ತೇನೆ. ಸೆಕೆಗೆಂದು ಉಷ್ಣತೆ ಮತ್ತು ತೇವಾಂಶ ಎರಡನ್ನೂ ಅಳೆಯುವ ಸಣ್ಣ ಸೆನ್ಸರ್ ಇಟ್ಟಿದ್ದೇನೆ, ಅದರ ಲೆಕ್ಕದ ಮೇಲೆ ಫ್ಯಾನ್ ತಾನಾಗಿ ತಿರುಗುತ್ತದೆ. ಜಾಸ್ತಿ ಹಾಲು ಕೊಡುವ ಹಸು ನಮಗಿಂತ ಮೊದಲೇ ಬಳಲುತ್ತದೆ. ನಮಗೆ ಸೆಕೆ ಅನ್ನಿಸುವವರೆಗೆ ಕಾಯಬಾರದು.

ಕೊಳ್ಳುವ ಮೊದಲು ಮೂರು ವಿಷಯ ಕೇಳಿಕೊಳ್ಳಿ. ಬ್ಯಾಟರಿ ಎಷ್ಟು ಕಾಲ ಬರುತ್ತದೆ, ನೆಟ್‌ವರ್ಕ್ ಹೋದಾಗ ಲೆಕ್ಕ ಉಳಿಯುತ್ತದಾ, ನೀವು ಆ ಕಂಪನಿಯನ್ನು ಬಿಟ್ಟರೂ ನಿಮ್ಮ ಹಸುಗಳ ದಾಖಲೆ ನಿಮ್ಮ ಕೈಗೆ ಸಿಗುತ್ತದಾ. ಕಟ್ಟಿದ ಮೊದಲ ಕೆಲವು ದಿನ ಸೆನ್ಸರ್ ಆ ಹಸುವಿನ ರೂಢಿ ಕಲಿಯುತ್ತಿರುತ್ತದೆ. ಅಲ್ಲಿಯವರೆಗೆ ಅದರ ಸೂಚನೆಗಳನ್ನು ಪೂರ್ತಿ ನಂಬಬೇಡಿ.