ಕ್ಯಾಬಿನ್ ಒತ್ತಡದ ಲೆಕ್ಕ: ಮೊದಲು ಕಾಗದ, ಆಮೇಲೆ ಮೆಶ್

ಫ್ಯೂಸಲಾಜ್ (ವಿಮಾನದ ಒಡಲು) ಲೆಕ್ಕಕ್ಕೆ ಕೂತಾಗ, ಸಾಫ್ಟ್‌ವೇರ್ ತೆರೆದು ಅದನ್ನು ಸಣ್ಣ ತುಂಡುಗಳ ಬಲೆಯಾಗಿ (ಮೆಶ್) ಒಡೆಯುವ ಮುಂಚೆ ಕೆಲವು ಅಂಕಿಗಳನ್ನು ಕೈಯಲ್ಲೇ ಹಾಕಿಟ್ಟುಕೊಳ್ಳುತ್ತೇನೆ. 41,000 ಅಡಿಯಲ್ಲಿ ಹೊರಗಿನ ಒತ್ತಡ ಸುಮಾರು 18 ಕಿಲೋಪ್ಯಾಸ್ಕಲ್. ಕ್ಯಾಬಿನ್‌ನಲ್ಲಿ 8,000 ಅಡಿ ಎತ್ತರದಲ್ಲಿರುವಷ್ಟು ಒತ್ತಡ ಇಟ್ಟರೆ 75. ವ್ಯತ್ಯಾಸ 57. ತ್ರಿಜ್ಯ 1.88 ಮೀಟರ್, ಸ್ಕಿನ್ (ಹೊರಹೊದಿಕೆಯ ಹಾಳೆ) 1 ಮಿ.ಮೀ. ದಪ್ಪವಿದ್ದರೆ ಹೂಪ್ ಸ್ಟ್ರೆಸ್ (ಸುತ್ತಳತೆಯ ದಿಕ್ಕಿನ ಎಳೆತ) 107 ಮೆಗಾಪ್ಯಾಸ್ಕಲ್, ಉದ್ದಕ್ಕೆ ಅದರರ್ಧ. ಕೊನೆಯ ಬಲ್ಕ್‌ಹೆಡ್ (ಒತ್ತಡ ತಡೆಯುವ ಅಡ್ಡಗೋಡೆ) ಮೇಲೆ 633 ಕಿಲೋನ್ಯೂಟನ್, ಹತ್ತಿರಹತ್ತಿರ 65 ಟನ್. ಪ್ರಮಾಣೀಕರಣಕ್ಕೆ ಇದಿಷ್ಟೇ ಸಾಲದು: 45,000 ಅಡಿವರೆಗಿನ ವಿಮಾನಕ್ಕೆ, ಹೆಚ್ಚಾದ ಒತ್ತಡವನ್ನು ಹೊರಬಿಡುವ ರಿಲೀಫ್ ವಾಲ್ವ್‌ನ ಗರಿಷ್ಠ ಒತ್ತಡವನ್ನು 1.33ರಿಂದ ಗುಣಿಸಿ, ಅದರ ಮೇಲೆ 1.5ರ ಸುರಕ್ಷತಾ ಗುಣಕ ಹಾಕಬೇಕು.

ಮಧ್ಯದ ಒಂದು ತುಂಡನ್ನಷ್ಟೇ ಮಾಡೆಲ್ ಮಾಡುವಾಗ ಬಿಟ್ಟುಹೋಗುವುದು ಬಲ್ಕ್‌ಹೆಡ್ ಮೇಲಿನ ಆ 633 ಕಿಲೋನ್ಯೂಟನ್. ಉದ್ದದ ಸ್ಟ್ರೆಸ್ ಸೊನ್ನೆಯ ಹತ್ತಿರ ಬಂತೆಂದರೆ ಕಾರಣ ಅದೇ. ಇನ್ನೊಂದು ತಪ್ಪು, ಆ ತುಂಡಿನ ತುದಿಗಳನ್ನು ಪೂರ್ತಿ ಬಿಗಿಯುವುದು. ಈ ಸ್ಕಿನ್ ಸುತ್ತಲೂ 2.3 ಮಿ.ಮೀ.ನಷ್ಟು ಹೊರಕ್ಕೆ ಉಬ್ಬುತ್ತದೆ. ತಡೆದರೆ ಇಲ್ಲದ ಬಾಗುವಿಕೆ ಹುಟ್ಟುತ್ತದೆ. ಹಾಗಾಗಿ ತ್ರಿಜ್ಯದ ದಿಕ್ಕನ್ನು ಬಿಟ್ಟು ಉಳಿದದ್ದನ್ನಷ್ಟೇ ಹಿಡಿಯುತ್ತೇನೆ (ಉದ್ದದ ದಿಕ್ಕನ್ನು ಒಂದು ತುದಿಯಲ್ಲಿ ಮಾತ್ರ, ಇನ್ನೊಂದರಲ್ಲಿ ಆ 633 ಹಾಕಬೇಕಲ್ಲ), ಅಂಚಿನ ಒಂದೆರಡು ಫ್ರೇಮ್‌ಗಳ (ಒಡಲಿನ ಸುತ್ತಿನ ಬಳೆಗಳ) ಫಲಿತಾಂಶ ಓದುವುದೇ ಇಲ್ಲ. ಎಲಿಮೆಂಟ್ (ಮೆಶ್‌ನ ಒಂದು ತುಂಡು) ನಾರ್ಮಲ್, ಅಂದರೆ ಅದರ ಮೈಗೆ ಲಂಬವಾದ ದಿಕ್ಕು, ಉಲ್ಟಾ ತಿರುಗಿದ ಕಡೆ ಒತ್ತಡ ಒಳಕ್ಕೆ ತಳ್ಳುತ್ತದೆ. ಬಣ್ಣದ ಚಿತ್ರದಲ್ಲಿ ಅದು ಸುಲಭಕ್ಕೆ ಕಾಣದು, ನಾರ್ಮಲ್‌ಗಳನ್ನೇ ತೆರೆದು ನೋಡಬೇಕು. ಫ್ರೇಮ್, ಸ್ಟ್ರಿಂಗರ್‌ಗಳ (ಉದ್ದಕ್ಕೆ ಹಾಕಿದ ಪಟ್ಟಿಗಳ) ನಡುವಿನ ಸ್ಕಿನ್ ದಿಂಬಿನಂತೆ ಉಬ್ಬುವುದರಿಂದ ಆಕಾರ ಬದಲಾದಂತೆ ಲೆಕ್ಕವನ್ನೂ ಬದಲಿಸುವ ಜ್ಯಾಮಿತೀಯ ನಾನ್‌ಲೀನಿಯರ್ ವಿಶ್ಲೇಷಣೆಯೇ ಬೇಕು. ಲೀನಿಯರ್‌ನಲ್ಲಿ ಬಾಗುವಿಕೆ ಇರುವುದಕ್ಕಿಂತ ಹೆಚ್ಚಾಗಿ ಬರುತ್ತದೆ.

2024-ಟಿ3 ಅಲ್ಯೂಮಿನಿಯಂ 300 ಮೆಗಾಪ್ಯಾಸ್ಕಲ್ ಆಸುಪಾಸಿನವರೆಗೆ ತಡೆಯುತ್ತದಲ್ಲ, 107 ಏನು ಮಹಾ ಅನ್ನಿಸಬಹುದು. ಒಂದು ದುಂಡು ತೂತು ಕೊರೆಯಿರಿ. ಅದರ ಅಂಚಿನಲ್ಲಿ ಹೂಪ್‌ನ ಮೂರು ಪಟ್ಟಿನಿಂದ ಉದ್ದದ್ದನ್ನು ಕಳೆದರೆ 267, ಅದೂ ಪ್ರತಿ ಹಾರಾಟಕ್ಕೊಮ್ಮೆ. ಇಲ್ಲಿ ತೀರ್ಮಾನಿಸುವುದು ಸಾಮರ್ಥ್ಯವಲ್ಲ, ಫೆಟೀಗ್, ಅಂದರೆ ಮತ್ತೆ ಮತ್ತೆ ಎಳೆತ ಬಿದ್ದು ಲೋಹ ದಣಿಯುವುದು.

ಹೆಚ್ಚು ಹೊತ್ತು ಕೊಡಬೇಕಾದ್ದು ಲ್ಯಾಪ್ ಜಾಯಿಂಟ್‌ಗೆ. ಎರಡು ಹಾಳೆ ಒಂದರ ಮೇಲೊಂದು ಕೂತಿರುವುದರಿಂದ ಎಳೆದಾಗ ಜಾಯಿಂಟ್ ಬಾಗುತ್ತದೆ. ತೆಳು ಹಾಳೆಗೆ ದೊಡ್ಡ ಕೌಂಟರ್‌ಸಂಕ್ ರಿವೆಟ್ (ತಲೆ ಹಾಳೆಯೊಳಗೆ ಮುಳುಗುವ ಮೊಳೆ) ಹಾಕಿದರೆ ತೂತಿನ ಅಂಚು ಚಾಕುವಿನಷ್ಟು ಚೂಪಾಗುತ್ತದೆ; ಕೌಂಟರ್‌ಸಂಕ್ ಆಳ ದಪ್ಪದ ಮೂರನೇ ಎರಡನ್ನು ಮೀರಲು ನಾನು ಬಿಡುವುದಿಲ್ಲ. 1988ರ ಏಪ್ರಿಲ್ 28ರಂದು ಹವಾಯಿಯಲ್ಲಿ ಚಾವಣಿ ಕಿತ್ತುಹೋದ ಅಲೋಹಾ ಏರ್‌ಲೈನ್ಸ್‌ನ ಫ್ಲೈಟ್ 243 ಆಗಲೇ 89,680 ಹಾರಾಟ ಮುಗಿಸಿದ್ದ ಬೋಯಿಂಗ್ 737. ಅಂಟು ಬಿಟ್ಟ ಲ್ಯಾಪ್ ಜಾಯಿಂಟ್‌ನ ಮೇಲಿನ ರಿವೆಟ್ ಸಾಲಿನಲ್ಲಿ ಸಣ್ಣ ಬಿರುಕುಗಳು ಒಂದಕ್ಕೊಂದು ಸೇರಿದ್ದವು.

ಆದ್ದರಿಂದ ಒರಟು ಮಾಡೆಲ್‌ನಿಂದ ಬಲಗಳನ್ನು ತೆಗೆದು, ರಿವೆಟ್‌ಗಳ ಸ್ಟಿಫ್‌ನೆಸ್ (ಬಿಗಿತ) ಸಮೇತ ಆ ಸಾಲಿಗೆ ಬೇರೆ ಮಾಡೆಲ್ ಕಟ್ಟುತ್ತೇನೆ. ಹೊರ ಹಾಳೆಯ ಮೇಲಿನ ಸಾಲಿನಲ್ಲಿ ಶೆಲ್‌ನ (ತೆಳು ಹಾಳೆಯ ಎಲಿಮೆಂಟ್) ದಪ್ಪದ ಮಧ್ಯದ ಸ್ಟ್ರೆಸ್ ಓದಿದರೆ ಬಾಗುವಿಕೆ ಕಾಣದು. ಇನ್ನೊಂದು ಹಾಳೆಗೆ ತಾಗಿದ ಒಳಮೈಯನ್ನೇ ಓದಬೇಕು. ಬಿರುಕು ಶುರುವಾಗುವುದು ಅಲ್ಲಿ. ಹೊರಗಿನಿಂದ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಆ ಸಾಲಿನ ತಪಾಸಣೆಗೆ ಎಡ್ಡಿ ಕರೆಂಟ್ (ಲೋಹದಲ್ಲಿ ವಿದ್ಯುತ್ ಸುಳಿ ಹುಟ್ಟಿಸಿ ಅಡಗಿದ ಬಿರುಕು ಹುಡುಕುವ) ಪರೀಕ್ಷೆ ಬೇಕೆಂದು ವರದಿಯಲ್ಲೇ ಬರೆಯುತ್ತೇನೆ.