ಹಾವೇರಿಯಿಂದ ಹುಬ್ಬಳ್ಳಿವರೆಗೆ ಔಷಧಿಯ ಮತ್ತು ಇಳಿಯದಂತೆ

ಅಪಘಾತದ ಪೇಶಂಟ್‌ಗೆ ಗಂಟಲಲ್ಲಿ ಉಸಿರಾಟದ ಟ್ಯೂಬ್ ಹಾಕಿದ ಕೂಡಲೇ ಎಲ್ಲರೂ ನಿರಾಳವಾಗುತ್ತಾರೆ. ಅರಿವಳಿಕೆ ವೈದ್ಯನಾದ ನನಗೆ ಚಿಂತೆ ಶುರುವಾಗುವುದೇ ಆಮೇಲೆ. ಹಾವೇರಿಯಿಂದ ಹುಬ್ಬಳ್ಳಿ ಆಸ್ಪತ್ರೆಗೆ ಆಂಬುಲೆನ್ಸಿನಲ್ಲಿ ಒಯ್ಯಬೇಕು, ಹೆದ್ದಾರಿ 48ರಲ್ಲಿ 70 ಕಿಲೋಮೀಟರ್ ಮೇಲಿದೆ. ಅಷ್ಟೂ ದೂರ ಔಷಧಿಯ ಮತ್ತು ಇಳಿಯಬಾರದು, ಬಿಪಿಯೂ ಬೀಳಬಾರದು.

ತೊಂದರೆ ಇರುವುದು ಎರಡು ಔಷಧಿಗಳ ಲೆಕ್ಕದಲ್ಲಿ. ಟ್ಯೂಬ್ ಹಾಕುವಾಗ ಕೊಟ್ಟ ಮತ್ತಿನ ಔಷಧಿ ಕೆಟಮಿನ್ 10-20 ನಿಮಿಷಕ್ಕೆ ಇಳಿಯುತ್ತದೆ. ಜೊತೆಗೆ ಕೊಟ್ಟ, ಸ್ನಾಯುಗಳನ್ನು ಸಡಿಲಿಸುವ ರೊಕ್ಯುರೋನಿಯಂ ಮುಕ್ಕಾಲು ಗಂಟೆ, ಕೆಲವೊಮ್ಮೆ ಒಂದು ಗಂಟೆಗೂ ಜಾಸ್ತಿ ಕೈಕಾಲು ಕಟ್ಟಿಹಾಕುತ್ತದೆ. ಅಂದರೆ ಬಂಕಾಪುರ ದಾಟುವಷ್ಟರಲ್ಲಿ ಪೇಶಂಟ್‌ಗೆ ಎಚ್ಚರ ಬಂದಿರಬಹುದು, ಆದರೆ ಬೆರಳೂ ಅಲ್ಲಾಡುವುದಿಲ್ಲ. ಸುಮ್ನೆ ಮಲಗಿದ್ದಾನೆ ಅಂತ ನಾವು ಅಂದುಕೊಳ್ಳುತ್ತೇವೆ. ಎಚ್ಚರ, ನೋವು, ಕದಲಲಾರದ ಮೈ. ಇದಕ್ಕಿಂತ ಹಿಂಸೆ ಬೇರೆ ಬೇಕಾ?

ಹಾಗಾಗಿ ಗಾಡಿ ಹೊರಡುವ ಮೊದಲೇ 200 ಮಿಲಿಗ್ರಾಂ ಕೆಟಮಿನ್ನನ್ನು ಸಲೈನ್ ಸೇರಿಸಿ 20 ಎಂಎಲ್ ಮಾಡಿ, ಸಿರಿಂಜಿಗೆ ಹೆಸರು ಬರೆದು ಅಂಟಿಸುತ್ತೇನೆ. ಒಂದು ಎಂಎಲ್‌ನಲ್ಲಿ 10 ಮಿಲಿಗ್ರಾಂ. 60 ಕೆಜಿ ಆಳಿಗೆ 15 ನಿಮಿಷಕ್ಕೊಮ್ಮೆ 3 ಎಂಎಲ್. ರಕ್ತ ತುಂಬಾ ಹೋಗಿದ್ದರೆ ಅದರ ಅರ್ಧ. ಔಷಧಿಯನ್ನು ತಾನಾಗಿಯೇ ತಳ್ಳುವ ಸಿರಿಂಜ್ ಪಂಪ್ ಇದ್ದರೆ ಒಳ್ಳೆಯದೇ, ಆದರೆ ಅದರ ಬ್ಯಾಟರಿಯನ್ನು ನಾನು ನಂಬುವುದಿಲ್ಲ. ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳುತ್ತೇನೆ, ಸದ್ದಲ್ಲ, ವೈಬ್ರೇಶನ್. ಸೈರನ್ ಗಲಾಟೆಯಲ್ಲಿ ಮಾನಿಟರ್ ಕೂಗಿದ್ದೇ ಕೇಳುವುದಿಲ್ಲ. ಬಿಪಿ ಚೆನ್ನಾಗಿದ್ದರೆ ನೋವಿಗೆ ಸ್ವಲ್ಪ ಫೆಂಟನಿಲ್ ಸೇರಿಸುತ್ತೇನೆ. ಇನ್ನೊಂದು ಮತ್ತಿನ ಔಷಧಿ ಪ್ರೊಪೊಫಾಲ್ ಬಿಪಿ ಇಳಿಸುತ್ತದೆ, ರಕ್ತಸ್ರಾವ ಇರುವವರಿಗೆ ದಾರಿಯಲ್ಲಿ ಅದರ ಸಹವಾಸವೇ ಬೇಡ.

ಎಚ್ಚರ ಬರುತ್ತಿರುವುದು ಗೊತ್ತಾಗುವುದು ಹೇಗೆ? ಕಣ್ಣಂಚಿನಲ್ಲಿ ನೀರು, ಹಣೆಯ ಬೆವರು, ನಾಡಿ ಮತ್ತು ಬಿಪಿ ಎರಡೂ ಏರುವುದು. ನಾಡಿ ಮಾತ್ರ ಏರಿ ಬಿಪಿ ಇಳಿಯುತ್ತಿದ್ದರೆ ಮೊದಲು ರಕ್ತಸ್ರಾವ ನೆನೆಯಬೇಕು. ಆದರೆ ಬಿಪಿ ಕಡಿಮೆ ಇದೆ ಅಂತ ಮತ್ತಿನ ಔಷಧಿಯನ್ನೇ ನಿಲ್ಲಿಸುವುದನ್ನು ನಾನು ಒಪ್ಪುವುದಿಲ್ಲ. ಡೋಸ್ ಇಳಿಸಿ, ನಿಲ್ಲಿಸಬೇಡಿ.

ತಲೆಗೆ ಪೆಟ್ಟಾಗಿದ್ದರೆ ಮೇಲಿನ ಬಿಪಿ 110ಕ್ಕಿಂತ ಕೆಳಗೆ ಬಿಡುವುದಿಲ್ಲ. ಹೊರಬಿಡುವ ಉಸಿರಿನ ಕಾರ್ಬನ್ ಡೈಆಕ್ಸೈಡ್ ಮಾನಿಟರಿನಲ್ಲಿ 35-40 ಎಂಎಂ ಇರಬೇಕು. ಅಂಬು ಬ್ಯಾಗ್ (ಉಸಿರು ಕೊಡಲು ಕೈಯಲ್ಲಿ ಒತ್ತುವ ಚೀಲ) ಹಿಡಿದ ಹುಡುಗ ಗಾಬರಿಯಲ್ಲಿ ಬೇಗ ಬೇಗ ಒತ್ತಿದರೆ ಅದು ಇಳಿಯುತ್ತದೆ, ಮೆದುಳಿಗೆ ರಕ್ತ ಕಡಿಮೆಯಾಗುತ್ತದೆ. ಮಾನಿಟರಿನಲ್ಲಿ ಕಾರ್ಬನ್ ಡೈಆಕ್ಸೈಡಿನ ಗೆರೆ ಒಮ್ಮೆಲೇ ಮಾಯವಾದರೆ ಟ್ಯೂಬ್ ನೋಡಿ, ಆಮೇಲೆ ನಾಡಿ ಹಿಡಿಯಿರಿ.

ಡ್ರೈವರ್ ಜೊತೆ ಮೊದಲೇ ಮಾತಾಡಿಕೊಂಡಿರುತ್ತೇನೆ. "ಸಾಹೇಬ್ರ, ಮುಂದ ಹಂಪ್ ಐತ್ರಿ" ಅಂದ ಕೂಡಲೇ ನನ್ನ ಒಂದು ಕೈ ಟ್ಯೂಬಿನ ಮೇಲೆ. ಆಕ್ಸಿಜನ್ ಲೆಕ್ಕವೂ ಆಗಲೇ. 1500 ಲೀಟರಿನ ಬಿ ಟೈಪ್ ಸಿಲಿಂಡರ್ ನಿಮಿಷಕ್ಕೆ 10 ಲೀಟರಿನಂತೆ ಎರಡೂವರೆ ಗಂಟೆ, ಅದೂ ತುಂಬಿದ್ದರೆ ಮಾತ್ರ. ಹುಬ್ಬಳ್ಳಿಯಲ್ಲಿ ಒಪ್ಪಿಸುವಾಗ ಕೊನೆಯ ಕೆಟಮಿನ್ ಎಷ್ಟು ಗಂಟೆಗೆ, ರೊಕ್ಯುರೋನಿಯಂ ಎಷ್ಟು ಗಂಟೆಗೆ ಅಂತ ಕೇಸ್ ಶೀಟಿನಲ್ಲಿ ಬರೆದೇ ಕೊಡುತ್ತೇನೆ. ಇಲ್ಲದಿದ್ದರೆ ಸ್ಕ್ಯಾನ್ ರೂಮಿನ ಬಾಗಿಲಲ್ಲಿ ಕಾಯುವಾಗಲೇ ಮತ್ತು ಇಳಿಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.