ಮೇನ್ ಬೇರಿಂಗ್ ಹಳೇದು, ಬಿಗ್ ಎಂಡ್ ಹೊಸದು

ನನ್ನ ಜಿಪ್ಸಿ ಆಯಿಲ್ ಕುಡಿಯಲು ಶುರು ಮಾಡಿ ಒಂದು ವರ್ಷವಾಗಿತ್ತು. ಶಿರಾಡಿ ಘಾಟಿ ಹತ್ತುವಾಗ ಹಿಂದೆ ಬರೀ ನೀಲಿ ಹೊಗೆ. ಪ್ಲಗ್ ತೂತಿನಲ್ಲಿ ಒಂದು ಚಮಚ ಆಯಿಲ್ ಬಿಟ್ಟು ನೋಡಿದರೆ ಕಂಪ್ರೆಷನ್ ಏರಿತು. ಪಿಸ್ಟನ್ ರಿಂಗ್ ಮುಗಿದಿವೆ ಅಂತ ಖಾತ್ರಿಯಾಯಿತು. ಆದರೆ ಆಯಿಲ್ ಪ್ರೆಷರ್ ಚೆನ್ನಾಗಿತ್ತು, ಕೆಳಗಿನಿಂದ ಬಡಿತದ ಸದ್ದೂ ಇರಲಿಲ್ಲ. ಹಾಗಾಗಿ ಇಂಜಿನ್ ಇಳಿಸುವಾಗಲೇ ಯೋಚನೆ ಬಂತು: ಬೇರಿಂಗ್ ಬದಲಾಯಿಸಲೇಬೇಕಾ? ಪಿಸ್ಟನ್‌ಗಳ ಏರಿಳಿತವನ್ನು ತಿರುಗುವಿಕೆ ಮಾಡುವ ಶಾಫ್ಟ್ ಕ್ರ್ಯಾಂಕ್. ಅದನ್ನು ಇಂಜಿನ್ ಬ್ಲಾಕ್‌ನಲ್ಲಿ ಹೊರುವುದು ಮೇನ್ ಬೇರಿಂಗ್, ಪಿಸ್ಟನ್ ರಾಡ್ ಅದಕ್ಕೆ ಸೇರುವ ಕಡೆ ಇರುವುದು ಬಿಗ್ ಎಂಡ್. ಎರಡೂ ಅರ್ಧ ಬಳೆಯಂಥ ಲೋಹದ ತುಂಡುಗಳ ಜೋಡಿ, ಅದಕ್ಕೇ ಶೆಲ್ ಅನ್ನುವುದು.

"ಶೆಲ್ ಸೆಟ್‌ಗೆ ಎಷ್ಟು ಮಹಾ ದುಡ್ಡು ಸಾರ್, ಹೊಸದೇ ಹಾಕ್ಬಿಡಿ" ಅಂದರು ಲೇತ್ ಅಂಗಡಿಯವರು. ಮಾತು ಸರಿಯೇ. ನನ್ನ ತಲೆನೋವು ದುಡ್ಡಿನದಾಗಿರಲಿಲ್ಲ, ಬಣ್ಣದ್ದು. ಈ 1,298 ಸಿಸಿ ಇಂಜಿನ್‌ನಲ್ಲಿ ಒಂದೊಂದು ಮೇನ್ ಜರ್ನಲ್‌ಗೂ (ಬೇರಿಂಗ್ ಒಳಗೆ ತಿರುಗುವ ಕ್ರ್ಯಾಂಕ್‌ನ ದುಂಡು ಭಾಗ) ಫ್ಯಾಕ್ಟರಿಯಲ್ಲೇ ದಪ್ಪ ನೋಡಿ ಶೆಲ್ ಆರಿಸಿ ಹಾಕಿರುತ್ತಾರೆ, ದಪ್ಪಕ್ಕೊಂದು ಬಣ್ಣದ ಗುರುತು. ಹಸಿರು, ಕಪ್ಪು, ಬಣ್ಣವಿಲ್ಲದ್ದು, ಹಳದಿ, ನೀಲಿ, ಹೀಗೆ ಐದು ಬಗೆ. ಒಂದಕ್ಕಿಂತ ಇನ್ನೊಂದು 0.003 ಮಿ.ಮೀ. ದಪ್ಪ, ಅಷ್ಟೇ. ಸ್ಪೇರ್ ಅಂಗಡಿಯಲ್ಲಿ ಬಣ್ಣ ಕೇಳಿದೆ. ಅವರು ನನ್ನ ಮುಖ ನೋಡಿದರು. ಇದ್ದದ್ದು 'ಸ್ಟ್ಯಾಂಡರ್ಡ್' ಒಂದೇ. ಹೊಸದು ಅನ್ನೋ ಕಾರಣಕ್ಕೆ ಅದು ನನ್ನ ಕ್ರ್ಯಾಂಕ್‌ಗೆ ಸರಿಯಾಗಿ ಕೂರುತ್ತೆ ಅಂತೇನಿಲ್ಲ ಅಲ್ವಾ?

ಬಿಚ್ಚುವ ಮೊದಲೇ ಒಂದು ಮೊಟ್ಟೆ ಟ್ರೇ ತಂದಿಟ್ಟೆ. ಐದು ಮೇನ್, ನಾಲ್ಕು ಬಿಗ್ ಎಂಡ್, ಒಟ್ಟು ಹದಿನೆಂಟು ಅರ್ಧ ಶೆಲ್. ಪ್ರತಿಯೊಂದರ ಬೆನ್ನಿಗೆ ಮಾರ್ಕರ್‌ನಲ್ಲಿ ನಂಬರ್, ಮೇಲಿನದೋ ಕೆಳಗಿನದೋ ಅನ್ನುವುದೂ ಸೇರಿ. ಇದಕ್ಕೊಂದು ಹಳೇ ಕಥೆಯಿದೆ. ಎಷ್ಟೋ ವರ್ಷದ ಹಿಂದೆ ಒಂದು ಮಾರುತಿ 800 ಬಿಚ್ಚಿದಾಗ ಶೆಲ್‌ಗಳನ್ನೆಲ್ಲ ಒಂದೇ ಬೋಗುಣಿ ಸೀಮೆಎಣ್ಣೆಗೆ ಹಾಕಿ ತೊಳೆದಿದ್ದೆ. ಯಾವುದು ಎಲ್ಲಿಯದು ಅಂತ ಗೊತ್ತಾಗಲಿಲ್ಲ. ಸುಮ್ನೆ ಅಂದಾಜಿನಲ್ಲಿ ಕೂರಿಸಿದೆ. ಮಳೆಗಾಲ ಮುಗಿಯುವಷ್ಟರಲ್ಲಿ ಬಿಗ್ ಎಂಡ್ ಬಡಿಯತೊಡಗಿತು, ಕ್ರ್ಯಾಂಕ್ ಗ್ರೈಂಡಿಂಗ್‌ಗೆ ಹೋಯಿತು. ತಾನು ಸವೆದ ಜಾಗ ಬಿಟ್ಟು ಬೇರೆ ಜಾಗಕ್ಕೆ ಹಳೇ ಶೆಲ್ ಹೊಂದುವುದಿಲ್ಲ.

ಇನ್ನು ನೋಡುವ ಕೆಲಸ. ಬರೀ ಹೊಳಪು ನೋಡಿ ಏನೂ ಹೇಳಲಾಗದು. ತಾಮ್ರದ ಪದರವಿರುವ ಶೆಲ್ ಆದರೆ ಮೇಲಿನ ಬೂದು ಪದರ ಸವೆದು ತಾಮ್ರ ಇಣುಕುತ್ತದೆ, ಗುರುತು ಸಿಗುತ್ತದೆ. ಅಲ್ಯುಮಿನಿಯಂ ಶೆಲ್‌ನಲ್ಲಿ ಆ ಎಚ್ಚರಿಕೆ ಇರುವುದಿಲ್ಲ. ಉಗುರು ಆಡಿಸಿ ಗೀರು ಹುಡುಕಬೇಕು. ನನ್ನ ಮೇನ್ ಶೆಲ್‌ಗಳು ನುಣ್ಣಗಿದ್ದವು. ಬಿಗ್ ಎಂಡ್‌ನಲ್ಲಿ ಎರಡು ಮತ್ತು ಮೂರನೆಯದರ ಮೇಲಿನ ಶೆಲ್‌ಗೆ ಉಗುರು ಸಿಕ್ಕಿಕೊಂಡಿತು, ಕಪ್ಪು ಕಣಗಳು ಕಚ್ಚಿಕೊಂಡಿದ್ದವು. ಉರಿಯುವ ಗ್ಯಾಸ್ ಪಿಸ್ಟನ್ ಅನ್ನು ಒತ್ತುವಾಗ ಪೆಟ್ಟು ತಿನ್ನುವುದು ಆ ಮೇಲಿನ ಅರ್ಧವೇ. ನಾಲ್ಕೂ ಬಿಗ್ ಎಂಡ್ ಶೆಲ್ ಪಕ್ಕಕ್ಕಿಟ್ಟೆ. ಎರಡನ್ನು ಮಾತ್ರ ಬದಲಾಯಿಸುವ ಜಿಪುಣತನ ನನಗಿಲ್ಲ. ಇವಕ್ಕೆ ಬಣ್ಣದ ರಗಳೆಯೂ ಇಲ್ಲ, ಹೊಸ ಸ್ಟ್ಯಾಂಡರ್ಡ್ ಸೆಟ್ ತಂದೆ.

ಮೇನ್ ಶೆಲ್‌ಗಳನ್ನು ಬೆರಳಿನಿಂದ ಒತ್ತಿ ಕೂರಿಸಿ ನೋಡಿದೆ. 'ಟಕ್' ಅಂತ ಹಿಡಿಯಬೇಕು. ಬಿಸಿಗೆ ಬಿಗಿ ಕಳೆದುಕೊಂಡ ಶೆಲ್ ಸುಮ್ಮನೆ ಜಾರಿ ಬೀಳುತ್ತದೆ. ಅಂಥದ್ದು ಎಷ್ಟೇ ಚೆಂದ ಕಂಡರೂ ಗುಜರಿಗೆ. ಮೈಕ್ರೋಮೀಟರ್‌ನಲ್ಲಿ ಜರ್ನಲ್ ಅಳೆದೆ. 45 ಮಿ.ಮೀ. ಜರ್ನಲ್, ಓವಲ್, ಅಂದರೆ ದುಂಡು ತಪ್ಪಿದ್ದು, 0.01 ಮಿ.ಮೀ. ದಾಟಬಾರದು. ದಾಟಿರಲಿಲ್ಲ.

ಆಮೇಲೆ ಪ್ಲಾಸ್ಟಿಗೇಜ್. ಮೇಣದ ದಾರದಂಥ ಎಳೆ ಅದು. ಬಿಗಿದಾಗ ಚಪ್ಪಟೆಯಾಗುತ್ತದೆ, ಆ ಅಗಲವನ್ನು ಅದರ ಅಳತೆಪಟ್ಟಿಯ ಗೆರೆಗಳಿಗೆ ಹೋಲಿಸಿದರೆ ಜರ್ನಲ್‌ಗೂ ಶೆಲ್‌ಗೂ ನಡುವಿನ ಸಂದು ಎಷ್ಟು ಅಂತ ಗೊತ್ತಾಗುತ್ತದೆ. ಬ್ಲಾಕ್ ತಲೆಕೆಳಗಾಗಿಟ್ಟು, ಎಣ್ಣೆ ಪೂರ್ತಿ ಒರೆಸಿ, ಎಳೆಯನ್ನು ಜರ್ನಲ್ ಉದ್ದಕ್ಕೆ ಇಟ್ಟು, ಕೆಳಗಿನ ಶೆಲ್ ಹಿಡಿಯುವ ಕ್ಯಾಪ್‌ಗಳನ್ನು ಟಾರ್ಕ್ ರೆಂಚಿನಲ್ಲಿ ಬಿಗಿದೆ. ಬಿಗಿದ ಮೇಲೆ ಕ್ರ್ಯಾಂಕ್ ಒಂಚೂರೂ ತಿರುಗಬಾರದು. ಪಕ್ಕದ ಮನೆ ಹುಡುಗ ಕುತೂಹಲಕ್ಕೆ ಪುಲ್ಲಿ ತಿರುಗಿಸಿಬಿಟ್ಟ, ಎಳೆ ಉಜ್ಜಿ ಕಲಸಿಹೋಯಿತು. ಮತ್ತೆ ಮೊದಲಿನಿಂದ. ಎರಡನೇ ಸಲ ನಾಲ್ಕು ಜರ್ನಲ್ 0.038ರ ಗೆರೆಗೆ ಸರಿಹೊಂದಿದವು, ಐದನೆಯದು 0.051ಕ್ಕಿಂತ ಚೂರು ಕಡಿಮೆ. ಹೊಸದರ ಸಂದು 0.020ರಿಂದ 0.040 ಮಿ.ಮೀ., ಮಿತಿ 0.060. ಮೇನ್ ಶೆಲ್ ಹಳೇದೇ ಸಾಕು ಅಂತ ಆಗಲೇ ತೀರ್ಮಾನಿಸಿದೆ. ಬೇರೆಯವರ ಗಾಡಿಯಾಗಿದ್ದರೆ ಆ ಐದನೆಯದಕ್ಕಾಗಿ ಬಣ್ಣ ಹುಡುಕಿಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುತ್ತಿದ್ದೆ. ನನ್ನದೇ ಗಾಡಿ, ಕೆಟ್ಟರೆ ಬೈಸಿಕೊಳ್ಳುವವನೂ ನಾನೇ.

ಜೋಡಿಸುವಾಗ ಶೆಲ್ ಒಳಮೈಗೆ ಧಾರಾಳ ಆಯಿಲ್, ಬೆನ್ನಿಗೆ ಒಂದು ಹನಿಯೂ ಇಲ್ಲ. ಕ್ಯಾಪ್ ಮೇಲಿನ ಬಾಣ ಪುಲ್ಲಿ ಕಡೆಗೆ. ಪ್ಲಗ್ ಬಿಚ್ಚಿಟ್ಟು, ಆಯಿಲ್ ಲೈಟ್ ಆರುವ ತನಕ ಸೆಲ್ಫ್ ಹೊಡೆದು, ಆಮೇಲೆ ಸ್ಟಾರ್ಟ್ ಮಾಡಿದೆ.

ಐನೂರು ಕಿ.ಮೀ. ಆದಮೇಲೆ ಆಯಿಲ್ ಇಳಿಸಿ, ಹಳೇ ಫಿಲ್ಟರ್ ಕೊಯ್ದು, ಮಡಿಕೆ ಮಡಿಕೆ ಬಿಡಿಸಿ ಬಿಸಿಲಿಗೆ ಹಿಡಿದೆ. ಲೋಹದ ಮಿನುಗು ಇರಲಿಲ್ಲ.